ಕರ್ನಾಟಕದ ಕಥೋಲಿಕ ಧರ್ಮಕೇಂದ್ರಗಳಲ್ಲಿ ಮರಿಯಭಕ್ತಿ

ಮರಿಯಭಕ್ತಿ ಎಂಬುದು ಯೇಸುಕ್ರಿಸ್ತರ ತಾಯಿಯಾದ ಮರಿಯಮ್ಮನವರನ್ನು ಗೌರವಿಸಿ, ಅವರ ಬಿನ್ನಹವನ್ನು ಕೋರುವ ಕ್ರೈಸ್ತ ಆಚರಣೆಗಳ ಸಮೂಹ. ಕರ್ನಾಟಕದ ಕಥೋಲಿಕ ಕ್ರೈಸ್ತರಲ್ಲಿ ಇದು ದೇವಾಲಯದ ಹಬ್ಬ, ಮನೆಯ ಸಂಜೆಯ ಪ್ರಾರ್ಥನೆ, ಮಕ್ಕಳ ಧರ್ಮೋಪದೇಶ ಮತ್ತು ತೀರ್ಥಯಾತ್ರೆ ಎಂಬ ನಾಲ್ಕು ನೆಲೆಗಳಲ್ಲಿ ಕಂಡುಬರುತ್ತದೆ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕ, ಮಂಗಳೂರಿನ ರೊಸಾರಿಯೊ ಪ್ರಧಾನಾಲಯ ಮೊದಲಾದ ದೊಡ್ಡ ಕೇಂದ್ರಗಳಲ್ಲಿ ಇದು ಸಹಸ್ರಾರು ಜನ ಸೇರುವ ಉತ್ಸವದ ರೂಪ ತಾಳಿದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿಯಂತಹ ಪ್ರದೇಶಗಳಲ್ಲಿ ಕಥೋಲಿಕರು ವಿರಳವಾಗಿರುವುದರಿಂದ ಅದು ಮುಖ್ಯವಾಗಿ ಕುಟುಂಬದ ಮತ್ತು ಸಣ್ಣ ಸಮುದಾಯದ ಪ್ರಾರ್ಥನೆಯ ರೂಪದಲ್ಲಿ ಉಳಿಯುತ್ತದೆ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಎಲ್ಲ ಪಂಗಡಗಳ ಕ್ರೈಸ್ತರ ಪಾಲು ಶೇ. 1.87.

ಹೆಸರು ಮತ್ತು ಪರಿಭಾಷೆ

ಹೀಬ್ರೂ ಭಾಷೆಯ 'ಮಿರ್ಯಾಮ್' ಎಂಬ ಹೆಸರು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಮೂಲಕ 'ಮರಿಯ' ಎಂದಾಗಿ ಕನ್ನಡಕ್ಕೆ ಬಂದಿದೆ. ಪ್ರೊಟೆಸ್ಟಂಟ್ ಪರಂಪರೆಯ ಕನ್ನಡ ಬೈಬಲಿನಲ್ಲಿ 'ಮರಿಯಳು' ಎಂಬ ರೂಪ ರೂಢಿಯಲ್ಲಿದ್ದರೆ, ಕಥೋಲಿಕರು ಗೌರವಸೂಚಕವಾಗಿ 'ಮರಿಯಮ್ಮನವರು', 'ಮಾತೆ ಮರಿಯಮ್ಮ', 'ದೇವಮಾತೆ' ಎಂದು ಕರೆಯುತ್ತಾರೆ. ದಕ್ಷಿಣ ಭಾರತದ ಗ್ರಾಮದೇವತೆಯಾದ ಮಾರಿಯಮ್ಮನ ಹೆಸರಿಗೂ ಈ ಹೆಸರಿಗೂ ಧ್ವನಿಸಾಮ್ಯವಿದೆ. ಆದರೆ ಇವೆರಡರ ಮೂಲ ಬೇರೆ ಬೇರೆ.

ಕನ್ನಡ ಕಥೋಲಿಕರ ಬಳಕೆಯಲ್ಲಿರುವ ಕೆಲವು ಪದಗಳು ಇಂತಿವೆ:

• ಧರ್ಮಕೇಂದ್ರ – ಒಬ್ಬ ಧರ್ಮಗುರುವಿನ ಹೊಣೆಗೆ ಒಪ್ಪಿಸಲಾದ ಸ್ಥಳೀಯ ವಿಶ್ವಾಸಿಗಳ ಸಮುದಾಯ, ಆಡುಮಾತಿನಲ್ಲಿ 'ಪ್ಯಾರಿಷ್'.
• ಧರ್ಮಕ್ಷೇತ್ರ ಅಥವಾ ಧರ್ಮಪ್ರಾಂತ್ಯ – ಹಲವು ಧರ್ಮಕೇಂದ್ರಗಳನ್ನು ಒಳಗೊಂಡ, ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟ ಪ್ರದೇಶ.
• ಬಲಿಪೂಜೆ – ಕಥೋಲಿಕರ ಪ್ರಧಾನ ಆರಾಧನೆ.
• ಜಪಸರ ಅಥವಾ ಜಪಮಾಲೆ – ಮಣಿಗಳ ಸರವನ್ನು ಹಿಡಿದು ಮಾಡುವ ಮರಿಯಮ್ಮನವರ ಪ್ರಾರ್ಥನೆ.
• ಧರ್ಮೋಪದೇಶ – ವಿಶ್ವಾಸದ ಕ್ರಮಬದ್ಧ ಶಿಕ್ಷಣ. ಅದನ್ನು ಕಲಿಸುವವರು ಉಪದೇಶಿಗಳು.
• ನವೇನ – ಹಬ್ಬಕ್ಕೆ ಮುನ್ನ ಒಂಬತ್ತು ದಿನ ನಡೆಯುವ ಪ್ರಾರ್ಥನೆ.

ಧರ್ಮಶಾಸ್ತ್ರದ ಹಿನ್ನೆಲೆ

ಕಥೋಲಿಕ ಬೋಧನೆಯಲ್ಲಿ ಆರಾಧನೆ ದೇವರಿಗೆ ಮಾತ್ರ ಸಲ್ಲುತ್ತದೆ. ಸಂತರಿಗೆ ಸಲ್ಲುವುದು ಗೌರವ. ಮರಿಯಮ್ಮನವರಿಗೆ ಸಲ್ಲುವುದು ಇತರ ಸಂತರಿಗಿಂತ ಹೆಚ್ಚಿನ, ಆದರೆ ಆರಾಧನೆಗಿಂತ ಮೂಲತಃ ಭಿನ್ನವಾದ ವಿಶೇಷ ಗೌರವ. ಈ ಮೂರನ್ನೂ ಲ್ಯಾಟಿನ್ ಧರ್ಮಶಾಸ್ತ್ರವು ಮೂರು ಪ್ರತ್ಯೇಕ ಪದಗಳಿಂದ ಗುರುತಿಸುತ್ತದೆ. ಕನ್ನಡದಲ್ಲಿ 'ಪೂಜೆ', 'ಭಕ್ತಿ', 'ಆರಾಧನೆ' ಎಂಬ ಪದಗಳು ದೈನಂದಿನ ಬಳಕೆಯಲ್ಲಿ ಒಂದರೊಳಗೊಂದು ಬೆರೆಯುತ್ತವೆ. ಆದುದರಿಂದ 'ಕಥೋಲಿಕರು ಮರಿಯಮ್ಮನನ್ನು ದೇವರೆಂದು ಪೂಜಿಸುತ್ತಾರೆ' ಎಂಬ ತಿಳಿವಳಿಕೆ ಸಾಮಾನ್ಯವಾಗಿ ಕೇಳಿಬರುತ್ತದೆ. ಇದನ್ನು ತಿದ್ದುವುದು ಧರ್ಮೋಪದೇಶ ತರಗತಿಗಳ ಉದ್ದೇಶಗಳಲ್ಲೊಂದು.

ಮರಿಯಮ್ಮನವರನ್ನು ಕುರಿತು ಕಥೋಲಿಕ ಧರ್ಮಸಭೆಯಲ್ಲಿ ನಾಲ್ಕು ಮುಖ್ಯ ವಿಶ್ವಾಸಸತ್ಯಗಳಿವೆ. ಮೊದಲನೆಯದು, ಅವರು 'ದೇವಮಾತೆ' ಎಂಬುದು, ಇದನ್ನು ಕ್ರಿ.ಶ. 431ರ ಎಫೆಸ ಮಹಾಸಭೆ ಸಾರಿತು. ಕ್ರಿಸ್ತರು ಏಕಕಾಲದಲ್ಲಿ ದೇವರೂ ಮನುಷ್ಯರೂ ಆಗಿದ್ದಾರೆ ಎಂಬ ನಂಬಿಕೆಯನ್ನು ಸ್ಪಷ್ಟಪಡಿಸುವುದೇ ಆ ಬಿರುದಿನ ಉದ್ದೇಶವಾಗಿತ್ತು. ಎರಡನೆಯದು, ಅವರು ನಿತ್ಯಕನ್ಯೆ ಎಂಬುದು. ಮೂರನೆಯದು, ಅವರು ಜನ್ಮಪಾಪದ ಕಲೆಯಿಲ್ಲದೆ ಗರ್ಭದಲ್ಲಿ ರೂಪುಗೊಂಡರೆಂಬ ಅಮಲೋದ್ಭವ ತತ್ತ್ವ. ಇದನ್ನು ಪೋಪ್ ಒಂಬತ್ತನೆಯ ಪಿಯುಸ್ 1854ರ ಡಿಸೆಂಬರ್ 8ರಂದು ಘೋಷಿಸಿದರು. ನಾಲ್ಕನೆಯದು, ಅವರು ಆತ್ಮಶರೀರ ಸಹಿತವಾಗಿ ಸ್ವರ್ಗಕ್ಕೆ ಸ್ವೀಕೃತರಾದರೆಂಬುದು. ಇದನ್ನು ಪೋಪ್ ಹನ್ನೆರಡನೆಯ ಪಿಯುಸ್ 1950ರ ನವೆಂಬರ್ 1ರಂದು ಘೋಷಿಸಿದರು.

ಎರಡನೆಯ ವ್ಯಾಟಿಕನ್ ಮಹಾಸಭೆಯು (1962–65) ಮರಿಯಮ್ಮನವರಿಗಾಗಿ ಪ್ರತ್ಯೇಕ ದಸ್ತಾವೇಜನ್ನು ರಚಿಸದೆ, 1964ರ ನವೆಂಬರ್ 21ರಂದು ಪ್ರಕಟವಾದ ಧರ್ಮಸಭೆಯ ಕುರಿತ ಸಂವಿಧಾನದ ಎಂಟನೆಯ ಅಧ್ಯಾಯದಲ್ಲಿ ಆ ವಿಷಯವನ್ನು ಸೇರಿಸಿತು. ಮರಿಯಭಕ್ತಿಯು ಕ್ರಿಸ್ತರಿಂದ ಬೇರ್ಪಟ್ಟು ಸ್ವತಂತ್ರವಾಗಿ ನಿಲ್ಲಬಾರದು ಎಂಬ ನಿಲುವು ಈ ಜೋಡಣೆಯಲ್ಲಿತ್ತು. ಅತಿಶಯೋಕ್ತಿ ಮತ್ತು ಅತಿಸಂಕುಚಿತತೆ ಎರಡನ್ನೂ ತೊರೆಯಬೇಕೆಂದು ಅದೇ ಅಧ್ಯಾಯ ಬೋಧಕರನ್ನು ಎಚ್ಚರಿಸುತ್ತದೆ. ಪೋಪ್ ಆರನೆಯ ಪೌಲರು 1974ರಲ್ಲಿ ಹೊರಡಿಸಿದ ಬೋಧನಾಪತ್ರವು ಜನಪದ ಭಕ್ತಿಯನ್ನು ಬೈಬಲ್ ಮತ್ತು ಆರಾಧನಾವಿಧಿಯ ಬೆಳಕಿನಲ್ಲಿ ಪರಿಶೀಲಿಸುವ ಬಗೆಯನ್ನು ವಿವರಿಸಿತು.

ಇತಿಹಾಸ

ಕರಾವಳಿ

ಪೋರ್ಚುಗೀಸರ ಕಾಲದಲ್ಲಿ ಕರಾವಳಿ ಕರ್ನಾಟಕದಲ್ಲಿ ಕಥೋಲಿಕ ದೇವಾಲಯಗಳು ಸ್ಥಾಪನೆಯಾದವು. ಮಂಗಳೂರಿನ ಬೋಳಾರದ ರೊಸಾರಿಯೊ ದೇವಾಲಯದ ಮೂಲ 1568ಕ್ಕೆ ಹೋಗುತ್ತದೆ. ಜಪಸರ ಮಾತೆಗೆ ಸಮರ್ಪಿತವಾದ ಈ ದೇವಾಲಯವು ಇಂದು ಮಂಗಳೂರು ಧರ್ಮಕ್ಷೇತ್ರದ ಪ್ರಧಾನಾಲಯ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಬದುಕುಳಿದವರಲ್ಲಿ ಅನೇಕರು ಊರಿಗೆ ಮರಳಿದರು.

ಮೈಸೂರು ಸೀಮೆ

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ಜೆಸೂಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಅವರು ಕನ್ನಡ ಕಲಿತು ವ್ಯಾಕರಣ, ನಿಘಂಟು ಮತ್ತು ಧರ್ಮೋಪದೇಶ ಗ್ರಂಥವನ್ನು ಸಿದ್ಧಪಡಿಸಿದರು. ಜನರ ಭಾಷೆಯಲ್ಲಿಯೇ ವಿಶ್ವಾಸವನ್ನು ಕಲಿಸಬೇಕೆಂಬ ಪ್ರಯತ್ನ ಕನ್ನಡ ನಾಡಿನಲ್ಲಿ ಹೀಗೆ ಆರಂಭದಿಂದಲೂ ಕಾಣಿಸುತ್ತದೆ. 1773ರಲ್ಲಿ ಜೆಸೂಯಿಟ್ ಸಂಘ ವಿಸರ್ಜನೆಗೊಂಡ ಮೇಲೆ ಫ್ರಾನ್ಸಿನ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಪಾದ್ರಿಗಳು ಈ ಕೆಲಸವನ್ನು ವಹಿಸಿಕೊಂಡರು. ಅವರಲ್ಲಿ ಪ್ರಸಿದ್ಧರಾದವರು ಅಬ್ಬೆ ದ್ಯುಬುವಾ. ಜನರು 'ದೊಡ್ಡ ಸ್ವಾಮಿಯವರು' ಎಂದು ಕರೆಯುತ್ತಿದ್ದ ಇವರು 1823ರಲ್ಲಿ ಭಾರತವನ್ನು ಬಿಡುವವರೆಗೆ ಮೈಸೂರು ಸೀಮೆಯಲ್ಲಿ ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕೆಲಸದಲ್ಲಿಯೂ ತೊಡಗಿದ್ದರು.

ಕಲ್ಯಾಣ ಕರ್ನಾಟಕ

ಕಲ್ಯಾಣ ಕರ್ನಾಟಕದಲ್ಲಿ ಕಥೋಲಿಕರ ಹಳೆಯ ನೆಲೆಯೆಂದರೆ ರಾಯಚೂರು ಜಿಲ್ಲೆಯ ಮುದಗಲ್ಲು. ಇಲ್ಲಿಯ ಸಮುದಾಯದ ಮೂಲವು ಬಿಜಾಪುರದ ಆದಿಲ್‌ಶಾಹಿ ಆಳ್ವಿಕೆಯ ಕಾಲಕ್ಕೆ ಹೋಗುತ್ತದೆ. ಕಲಬುರಗಿ, ಬೀದರ್ ಮತ್ತು ರಾಯಚೂರು ಪ್ರದೇಶಗಳು 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿದವು. ಆಡಳಿತ ಭಾಷೆಯಾಗಿ ಉರ್ದು, ನೆರೆಯ ಭಾಷೆಗಳಾಗಿ ತೆಲುಗು ಮತ್ತು ಮರಾಠಿ ಇದ್ದ ಈ ಸೀಮೆಯಲ್ಲಿ ಕನ್ನಡದ ಪ್ರಾರ್ಥನೆ ಮತ್ತು ಧರ್ಮೋಪದೇಶಗಳು ಈ ಭಾಷೆಗಳ ನಡುವೆಯೇ ನೆಲೆ ಕಂಡುಕೊಳ್ಳಬೇಕಾಯಿತು.

ಧರ್ಮಕ್ಷೇತ್ರಗಳ ವಿಂಗಡಣೆಯಲ್ಲಿ ಮಂಗಳೂರು ಮತ್ತು ಮೈಸೂರು ಧರ್ಮಕ್ಷೇತ್ರಗಳು 1886ರಲ್ಲಿ, ಬಳ್ಳಾರಿ 1949ರಲ್ಲಿ, ಬೆಳಗಾವಿ 1953ರಲ್ಲಿ ರೂಪುಗೊಂಡವು. 1940ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಬೆಂಗಳೂರು 1953ರಲ್ಲಿ ಮಹಾಧರ್ಮಕ್ಷೇತ್ರವಾಯಿತು. ಕಲಬುರಗಿ (ಗುಲಬರ್ಗಾ) ಧರ್ಮಕ್ಷೇತ್ರವನ್ನು ಪೋಪ್ ಹದಿನಾರನೆಯ ಬೆನೆಡಿಕ್ಟ್ 2005ರ ಜೂನ್ 24ರಂದು ಸ್ಥಾಪಿಸಿದರು. ರಾಬರ್ಟ್ ಮೈಕೆಲ್ ಮಿರಾಂಡಾ ಅದರ ಮೊದಲ ಧರ್ಮಾಧ್ಯಕ್ಷರು.

ಧರ್ಮಕೇಂದ್ರದ ರಚನೆ

1983ರ ಧರ್ಮಸಭಾ ಕಾನೂನು ಸಂಹಿತೆಯು ಧರ್ಮಕೇಂದ್ರವನ್ನು ಕಟ್ಟಡವೆಂದಲ್ಲ, 'ವಿಶ್ವಾಸಿಗಳ ಸಮುದಾಯ'ವೆಂದು ವ್ಯಾಖ್ಯಾನಿಸುತ್ತದೆ. ಧರ್ಮಾಧ್ಯಕ್ಷರು ನೇಮಿಸಿದ ಧರ್ಮಗುರು ಅದರ ಪಾಲಕರು. ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಕಡ್ಡಾಯ. ಪಾಲನಾ ಸಮಿತಿಯನ್ನು ಧರ್ಮಾಧ್ಯಕ್ಷರ ತೀರ್ಮಾನದಂತೆ ರಚಿಸಲಾಗುತ್ತದೆ. ಜ್ಞಾನಸ್ನಾನ, ವಿವಾಹ ಮತ್ತು ಮರಣಗಳ ದಾಖಲೆ ಪುಸ್ತಕಗಳನ್ನು ಅಲ್ಲಿಯೇ ಇರಿಸಬೇಕು. ಒಬ್ಬ ವ್ಯಕ್ತಿಯ ದೃಢೀಕರಣ ಮತ್ತು ವಿವಾಹದ ವಿವರಗಳನ್ನು ಆತನ ಜ್ಞಾನಸ್ನಾನದ ದಾಖಲೆಯ ಪಕ್ಕದಲ್ಲಿ ಬರೆಯುವ ನಿಯಮವಿದೆ. ಆದ್ದರಿಂದ ದುಡಿಮೆಗಾಗಿ ಹೈದರಾಬಾದ್, ಪುಣೆ ಅಥವಾ ಮುಂಬೈಗೆ ಹೋದವರ ಮದುವೆಗೂ ಹುಟ್ಟೂರಿನ ಧರ್ಮಕೇಂದ್ರದಿಂದ ಪತ್ರ ತರಿಸಬೇಕಾಗುತ್ತದೆ.

ವಿಸ್ತಾರವಾದ ಗ್ರಾಮೀಣ ಧರ್ಮಕೇಂದ್ರಗಳಲ್ಲಿ ಮುಖ್ಯ ದೇವಾಲಯದ ಜೊತೆಗೆ ಸುತ್ತಲಿನ ಹಳ್ಳಿಗಳ ಉಪಕೇಂದ್ರಗಳೂ ಇರುತ್ತವೆ. ಅಲ್ಲಿಗೆ ಧರ್ಮಗುರುಗಳು ಗೊತ್ತಾದ ದಿನಗಳಲ್ಲಿ ಮಾತ್ರ ಹೋಗಿ ಬಲಿಪೂಜೆ ಅರ್ಪಿಸುತ್ತಾರೆ. ಉಳಿದ ದಿನಗಳಲ್ಲಿ ಉಪದೇಶಿಗಳು, ಧರ್ಮಭಗಿನಿಯರು ಅಥವಾ ಸಮುದಾಯದ ಹಿರಿಯರು ಪ್ರಾರ್ಥನೆ ನಡೆಸುತ್ತಾರೆ. ನಗರ ಪ್ರದೇಶಗಳಲ್ಲಿ ನೆರೆಹೊರೆಯ ಕುಟುಂಬಗಳನ್ನು 'ಕಿರು ಕ್ರೈಸ್ತ ಸಮುದಾಯ'ಗಳಾಗಿ ವಿಂಗಡಿಸುವ ಪದ್ಧತಿ ಇದೆ. ಶ್ರೀಸಾಮಾನ್ಯರ ಸಂಘಟನೆಗಳಲ್ಲಿ ಮರಿಯಭಕ್ತಿಗೆ ನೇರವಾಗಿ ಸಂಬಂಧಿಸಿದ್ದು 1921ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಆರಂಭವಾದ 'ಲೀಜಿಯನ್ ಆಫ್ ಮೇರಿ'. ಇದರ ಸದಸ್ಯರು ವಾರಕ್ಕೊಮ್ಮೆ ಸೇರಿ ಪ್ರಾರ್ಥಿಸಿ, ರೋಗಿಗಳ ಮತ್ತು ಒಂಟಿಯಾಗಿರುವವರ ಮನೆಗಳಿಗೆ ಭೇಟಿ ನೀಡುವ ಕೆಲಸವನ್ನು ಹಂಚಿಕೊಳ್ಳುತ್ತಾರೆ.

ಜಪಸರ

ಜಪಸರವು ಮರಿಯಭಕ್ತಿಯ ಅತ್ಯಂತ ವ್ಯಾಪಕ ರೂಪ. ಸರದಲ್ಲಿ ಹತ್ತು ಮಣಿಗಳ ಐದು ಗುಂಪುಗಳಿರುತ್ತವೆ. ಪ್ರತಿ ಗುಂಪಿನ ಆರಂಭದಲ್ಲಿ ಯೇಸು ಕಲಿಸಿದ ಪ್ರಾರ್ಥನೆಯನ್ನು ಒಮ್ಮೆ, ಬಳಿಕ 'ನಮೋ ಮರಿಯಾ' ಪ್ರಾರ್ಥನೆಯನ್ನು ಹತ್ತು ಸಲ, ಕೊನೆಯಲ್ಲಿ ತ್ರಿತ್ವಸ್ತುತಿಯನ್ನು ಒಮ್ಮೆ ಹೇಳಲಾಗುತ್ತದೆ. 'ನಮೋ ಮರಿಯಾ' ಪ್ರಾರ್ಥನೆಯ ಮೊದಲ ಭಾಗವು ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಬರುವ ದೇವದೂತ ಗಬ್ರಿಯೇಲನ ಮತ್ತು ಎಲಿಜಬೇತಳ ವಂದನೆಗಳನ್ನು ಆಧರಿಸಿದೆ. ಮಧ್ಯಸ್ಥಿಕೆಯನ್ನು ಕೋರುವ ಎರಡನೆಯ ಭಾಗವು 1568ರ ರೋಮನ್ ಪ್ರಾರ್ಥನಾಗ್ರಂಥದ ಮೂಲಕ ಈಗಿನ ರೂಪದಲ್ಲಿ ನೆಲೆಗೊಂಡಿತು.

ಪ್ರತಿ ಗುಂಪಿನ ಜಪದ ಜೊತೆಯಲ್ಲಿ ಕ್ರಿಸ್ತರ ಅಥವಾ ಮರಿಯಮ್ಮನವರ ಜೀವನದ ಒಂದು ಘಟನೆಯನ್ನು ಧ್ಯಾನಿಸುವುದು ವಿಧಿ. ಇವುಗಳಿಗೆ 'ರಹಸ್ಯಗಳು' ಎಂದು ಹೆಸರು. ಮೊದಲು ಹದಿನೈದಿದ್ದ ರಹಸ್ಯಗಳಿಗೆ ಪೋಪ್ ಎರಡನೆಯ ಜಾನ್ ಪೌಲ್ 2002ರ ಅಕ್ಟೋಬರಿನಲ್ಲಿ ಇನ್ನೂ ಐದನ್ನು ಸೇರಿಸಿದರು. ವಾರದ ದಿನಗಳಿಗೆ ಅವುಗಳ ಹಂಚಿಕೆ ಹೀಗಿದೆ:

• ಸಂತೋಷದ ರಹಸ್ಯಗಳು – ಸೋಮವಾರ ಮತ್ತು ಶನಿವಾರ
• ದುಃಖದ ರಹಸ್ಯಗಳು – ಮಂಗಳವಾರ ಮತ್ತು ಶುಕ್ರವಾರ
• ಮಹಿಮೆಯ ರಹಸ್ಯಗಳು – ಬುಧವಾರ ಮತ್ತು ಭಾನುವಾರ
• ಬೆಳಕಿನ ರಹಸ್ಯಗಳು – ಗುರುವಾರ

ಹೀಗಾಗಿ ಜಪಸರವನ್ನು ನಿಯತವಾಗಿ ಮಾಡುವ ಕುಟುಂಬದ ಮಗುವೊಂದು ಓದು ಕಲಿಯುವ ಮೊದಲೇ ಶುಭಸಂದೇಶದ ಮುಖ್ಯ ಘಟನೆಗಳನ್ನು ಕಿವಿಯಿಂದ ಕಲಿತಿರುತ್ತದೆ. ಬಲಿಪೂಜೆಗೆ ಧರ್ಮಗುರು ಅಗತ್ಯ. ಜಪಸರಕ್ಕೆ ಗುರುವಾಗಲಿ, ದೇವಾಲಯವಾಗಲಿ, ಪುಸ್ತಕವಾಗಲಿ ಬೇಕಿಲ್ಲ. ಸರವಿಲ್ಲದಿದ್ದರೆ ಬೆರಳುಗಳನ್ನು ಎಣಿಸಿಯೂ ಪ್ರಾರ್ಥಿಸಬಹುದು. ಚದುರಿದ ಸಮುದಾಯಗಳಲ್ಲಿ ಈ ಪ್ರಾರ್ಥನೆಗೆ ಇರುವ ಮಹತ್ವಕ್ಕೆ ಇದೇ ಕಾರಣ. ಜಪಾನಿನಲ್ಲಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ಧರ್ಮಗುರುಗಳಿಲ್ಲದೆ ಗುಪ್ತವಾಗಿ ವಿಶ್ವಾಸವನ್ನು ಉಳಿಸಿಕೊಂಡಿದ್ದ ಕ್ರೈಸ್ತರು 1865ರಲ್ಲಿ ನಾಗಸಾಕಿಯ ಊರಾ ದೇವಾಲಯಕ್ಕೆ ಬಂದು, ಅಲ್ಲಿ ಮರಿಯಮ್ಮನವರ ಪ್ರತಿಮೆ ಎಲ್ಲಿದೆ ಎಂದು ವಿಚಾರಿಸುವ ಮೂಲಕ ತಮ್ಮ ಗುರುತನ್ನು ಹೇಳಿಕೊಂಡದ್ದು ಈ ಬಗೆಯ ನಿರಂತರತೆಗೆ ಪ್ರಸಿದ್ಧ ಉದಾಹರಣೆ.

ಹಬ್ಬಗಳು

ಧರ್ಮಸಭೆಯ ಪಂಚಾಂಗದಲ್ಲಿ ಮರಿಯಮ್ಮನವರಿಗೆ ಸಂಬಂಧಿಸಿದ ಮುಖ್ಯ ದಿನಗಳು ಇವು: ಜನವರಿ 1 (ದೇವಮಾತೆ), ಫೆಬ್ರವರಿ 11 (ಲೂರ್ದು ಮಾತೆ), ಮಾರ್ಚ್ 25 (ದೇವದೂತನ ಶುಭವಾರ್ತೆ), ಮೇ 31 (ಎಲಿಜಬೇತಳ ಭೇಟಿ), ಜುಲೈ 16 (ಕಾರ್ಮೆಲ್ ಮಾತೆ), ಆಗಸ್ಟ್ 15 (ಸ್ವರ್ಗಸ್ವೀಕಾರ), ಸೆಪ್ಟೆಂಬರ್ 8 (ಜನನೋತ್ಸವ), ಸೆಪ್ಟೆಂಬರ್ 15 (ವ್ಯಾಕುಲ ಮಾತೆ), ಅಕ್ಟೋಬರ್ 7 (ಜಪಸರ ಮಾತೆ) ಮತ್ತು ಡಿಸೆಂಬರ್ 8 (ಅಮಲೋದ್ಭವ). ಮೇ ಮತ್ತು ಅಕ್ಟೋಬರ್ ತಿಂಗಳುಗಳನ್ನು ವಿಶೇಷವಾಗಿ ಮರಿಯಭಕ್ತಿಗೆ ಮೀಸಲಿಡಲಾಗುತ್ತದೆ. ಸ್ವರ್ಗಸ್ವೀಕಾರದ ಹಬ್ಬವು ಭಾರತದ ಸ್ವಾತಂತ್ರ್ಯ ದಿನದಂದೇ ಬರುವುದರಿಂದ ಅನೇಕ ಧರ್ಮಕೇಂದ್ರಗಳಲ್ಲಿ ಬಲಿಪೂಜೆಯ ಜೊತೆಗೆ ಧ್ವಜಾರೋಹಣವೂ ನಡೆಯುತ್ತದೆ.

ಸೆಪ್ಟೆಂಬರ್ 8ರ ಜನನೋತ್ಸವವು ಕರ್ನಾಟಕದಲ್ಲಿ ಅತ್ಯಂತ ಜನಪ್ರಿಯ. ಕರಾವಳಿಯ ಕೊಂಕಣಿ ಕಥೋಲಿಕರು ಇದನ್ನು 'ಮೊಂತಿ ಫೆಸ್ತ್' ಎಂದು ಆಚರಿಸುತ್ತಾರೆ. ಮಕ್ಕಳು ಒಂಬತ್ತು ದಿನ ಬಾಲಮರಿಯಮ್ಮನ ಪ್ರತಿಮೆಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚಲಾಗುತ್ತದೆ; ಹೊಸ ಅಕ್ಕಿಯನ್ನು ಹಾಲು ಅಥವಾ ಪಾಯಸದಲ್ಲಿ ಬೆರೆಸಿ ಕುಟುಂಬದವರೆಲ್ಲ ಕೂಡಿ ಸೇವಿಸುತ್ತಾರೆ. ಅಂದಿನ ಊಟ ಸಸ್ಯಾಹಾರ. ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಪಾದ್ರಿ ಜೋಕಿಂ ಮಿರಾಂಡಾ ಈ ಆಚರಣೆಗೆ ಚಾಲನೆ ನೀಡಿದರೆಂಬ ಪರಂಪರೆಯಿದೆ. ಬೆಳೆಯ ಮೊದಲ ಪಾಲನ್ನು ದೈವಕ್ಕೆ ಒಪ್ಪಿಸುವ ರೂಢಿ ಕನ್ನಡ ನಾಡಿನ ಕೃಷಿ ಸಂಸ್ಕೃತಿಯಲ್ಲಿ ಸರ್ವತ್ರ ಕಾಣುವಂಥದು. ಕಲಬುರಗಿ ಸೀಮೆಯ ಎಳ್ಳಮಾವಾಸ್ಯೆಯಲ್ಲಿ ರೈತರು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಇದೇ ಮನೋಭಾವದ ಮತ್ತೊಂದು ರೂಪ. ಸೆಪ್ಟೆಂಬರ್ 8ನ್ನು ಭಾರತದ ಕಥೋಲಿಕ ಧರ್ಮಸಭೆಯು ಹೆಣ್ಣುಮಗುವಿನ ದಿನವಾಗಿಯೂ ಆಚರಿಸುತ್ತದೆ.

ಪ್ರಮುಖ ಕೇಂದ್ರಗಳು

ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕವು ಹುಲ್ಲು ಹೊದಿಸಿದ ಸಣ್ಣ ಪ್ರಾರ್ಥನಾಲಯವಾಗಿ ಆರಂಭವಾಯಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಬ್ಬೆ ದ್ಯುಬುವಾ ಅಲ್ಲಿ ದೇವಾಲಯ ಕಟ್ಟಿಸಿದರು. ಈಗಿನ ಗಾಥಿಕ್ ಶೈಲಿಯ ಕಟ್ಟಡದ ಕೆಲಸವು 1875ರಲ್ಲಿ ಆರಂಭವಾಗಿ, 1882ರ ಸೆಪ್ಟೆಂಬರ್ 8ರಂದು ಅದರ ಪ್ರತಿಷ್ಠಾಪನೆ ನಡೆಯಿತು. 1974ರಲ್ಲಿ ಇದು ಬೆಸಿಲಿಕ ಎಂಬ ಗೌರವಕ್ಕೆ ಪಾತ್ರವಾಯಿತು. ರಾಜ್ಯದಲ್ಲಿ ಈ ಗೌರವ ಪಡೆದ ಮೊದಲ ದೇವಾಲಯ ಇದು. ಆಗಸ್ಟ್ 29ರಂದು ಧ್ವಜಾರೋಹಣದೊಂದಿಗೆ ಆರಂಭವಾಗುವ ಉತ್ಸವವು ಸೆಪ್ಟೆಂಬರ್ 8ರ ಸಂಜೆ ತೇರಿನ ಮೆರವಣಿಗೆಯೊಂದಿಗೆ ಮುಕ್ತಾಯವಾಗುತ್ತದೆ. ಸೀರೆ ಉಟ್ಟ ಮರಿಯಮ್ಮನವರ ಪ್ರತಿಮೆ ಮತ್ತು ಹರಕೆ ಹೊತ್ತು ಕಾವಿ ಬಟ್ಟೆ ತೊಡುವ ಭಕ್ತರು ಈ ಉತ್ಸವದ ವೈಶಿಷ್ಟ್ಯ. ಹಿಂದೂಗಳು ಮತ್ತು ಮುಸ್ಲಿಮರೂ ಇದರಲ್ಲಿ ಪಾಲ್ಗೊಳ್ಳುತ್ತಾರೆ.

ರಾಜ್ಯದ ಹೊರಗಿನ ಎರಡು ಕ್ಷೇತ್ರಗಳೂ ಕನ್ನಡ ಕಥೋಲಿಕರ ಭಕ್ತಿಜೀವನದ ಭಾಗವಾಗಿವೆ. ತಮಿಳುನಾಡಿನ ವೇಳಾಂಕಣ್ಣಿಯ ಆರೋಗ್ಯ ಮಾತೆಯ ಬೆಸಿಲಿಕ ಒಂದಾದರೆ, ಆಂಧ್ರಪ್ರದೇಶದ ವಿಜಯವಾಡದ ಗುಣದಲದಲ್ಲಿರುವ ಲೂರ್ದು ಮಾತೆಯ ಕ್ಷೇತ್ರ ಇನ್ನೊಂದು. ಗುಣದಲದ ಉತ್ಸವವು ಫೆಬ್ರವರಿ 11ರ ಆಸುಪಾಸಿನಲ್ಲಿ ನಡೆಯುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆ

ಕಲಬುರಗಿ ಜಿಲ್ಲೆಯ ಪೂರ್ವಭಾಗದ ಈ ಸೀಮೆಯು ಕಲಬುರಗಿ ಧರ್ಮಕ್ಷೇತ್ರದ ವ್ಯಾಪ್ತಿಗೆ ಸೇರಿದೆ. ಶಹಾಬಾದ್ ತನ್ನ ಹಾಸುಗಲ್ಲಿಗೆ, ವಾಡಿ ರೈಲು ಜಂಕ್ಷನ್ ಮತ್ತು ಸಿಮೆಂಟ್ ಕಾರ್ಖಾನೆಗೆ, ಸೇಡಂ ತಾಲೂಕು ಸುಣ್ಣಕಲ್ಲು ಹಾಗೂ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೆ ಹೆಸರಾಗಿವೆ. ಚಿಂಚೋಳಿ ತಾಲೂಕು ತೆಲಂಗಾಣದ ಗಡಿಗೆ ಹೊಂದಿದೆ. ಮುಲ್ಲಾಮಾರಿ ನದಿಯ ಆಸುಪಾಸಿನ ಚಿಮ್ಮನಚೋಡದಂತಹ ಹಳ್ಳಿಗಳಲ್ಲಿ ತೊಗರಿ ಮತ್ತು ಜೋಳದ ಬೇಸಾಯ ಪ್ರಧಾನ. ಕನ್ನಡದ ಜೊತೆಗೆ ತೆಲುಗು, ಉರ್ದು ಮತ್ತು ತಾಂಡಾಗಳ ಲಂಬಾಣಿ ಭಾಷೆ ಇಲ್ಲಿ ನಿತ್ಯಬಳಕೆಯಲ್ಲಿವೆ.

ಇಂತಹ ಸೀಮೆಯಲ್ಲಿ ಧರ್ಮಕೇಂದ್ರದ ಜೀವನವು ನಗರದ ಧರ್ಮಕೇಂದ್ರಗಳಿಗಿಂತ ಮೂರು ರೀತಿಯಲ್ಲಿ ಭಿನ್ನವಾಗುತ್ತದೆ. ಮೊದಲನೆಯದಾಗಿ, ರೈಲ್ವೆ ಮತ್ತು ಕಾರ್ಖಾನೆಗಳಿರುವ ಊರುಗಳಿಗೆ ನೌಕರಿಯ ನಿಮಿತ್ತ ಬಂದವರ ಮಾತೃಭಾಷೆ ಬೇರೆ, ಸುತ್ತಲಿನ ಹಳ್ಳಿಗಳವರ ಭಾಷೆ ಬೇರೆ. ಒಂದೇ ಬಲಿಪೂಜೆಯಲ್ಲಿ ಎಲ್ಲರಿಗೂ ತಿಳಿಯುವ ಭಾಷೆಯನ್ನು ಆರಿಸುವುದು ಆರಾಧನೆಯ ವಿಷಯವಷ್ಟೇ ಅಲ್ಲ, ಮುಂದಿನ ತಲೆಮಾರು ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತದೆ ಎಂಬುದರ ನಿರ್ಧಾರವೂ ಆಗುತ್ತದೆ. ಎರಡನೆಯದಾಗಿ, ಹಂಗಾಮಿನ ದುಡಿಮೆಗಾಗಿ ದೊಡ್ಡ ನಗರಗಳಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಶಾಲೆಯ ಪಾಠದಂತೆಯೇ ಧರ್ಮೋಪದೇಶವೂ ನಡುವೆ ತಪ್ಪಿಹೋಗುತ್ತದೆ. ಮನೆಯಲ್ಲಿ ತಂದೆತಾಯಿ ಅಥವಾ ಅಜ್ಜಿ ಹೇಳಿಕೊಡುವ ಪ್ರಾರ್ಥನೆಯೊಂದೇ ಆಗ ಉಳಿಯುವ ಕೊಂಡಿ. ಮೂರನೆಯದಾಗಿ, ಬೀದರ್ ಮತ್ತು ಕಲಬುರಗಿ ಭಾಗದಲ್ಲಿ ಪ್ರೊಟೆಸ್ಟಂಟ್ ಪರಂಪರೆಯ ಮೆಥೋಡಿಸ್ಟ್ ಧರ್ಮಸಭೆ ಹಳೆಯದು ಮತ್ತು ವ್ಯಾಪಕವಾದುದು. ಆ ಪರಂಪರೆಯಲ್ಲಿ ಮರಿಯಮ್ಮನವರ ಪ್ರತಿಮೆಗಾಗಲಿ, ಜಪಸರಕ್ಕಾಗಲಿ ಸ್ಥಾನವಿಲ್ಲ. ಆದುದರಿಂದ ಒಂದೇ ಊರಿನ, ಕೆಲವೊಮ್ಮೆ ಒಂದೇ ಬಂಧುವರ್ಗದ ಕ್ರೈಸ್ತರ ನಡುವೆ ಮರಿಯಭಕ್ತಿಯೇ ಕಣ್ಣಿಗೆ ಕಾಣುವ ವ್ಯತ್ಯಾಸವಾಗಿ ನಿಲ್ಲುತ್ತದೆ.

ಇಸ್ಲಾಮಿನಲ್ಲಿಯೂ ಮರಿಯಮ್ಮನವರಿಗೆ 'ಮರ್ಯಮ್' ಎಂಬ ಹೆಸರಿನಿಂದ ಉನ್ನತ ಸ್ಥಾನವಿದೆ. ಕುರಾನಿನ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಅವರ ಹೆಸರೇ ಇದೆ. ಮುಸ್ಲಿಂ ಜನಸಂಖ್ಯೆ ಗಣನೀಯವಾಗಿರುವ ಕಲಬುರಗಿ ಸೀಮೆಯಲ್ಲಿ ಇದು ಎರಡು ಧರ್ಮಗಳ ನಡುವಿನ ಪರಿಚಿತ ಸಮಾನಾಂಶ. ಆದರೆ ಯೇಸುವಿನ ದೈವತ್ವವನ್ನು ಇಸ್ಲಾಂ ಒಪ್ಪದಿರುವುದರಿಂದ 'ದೇವಮಾತೆ' ಎಂಬ ಬಿರುದನ್ನು ಅದು ಅಂಗೀಕರಿಸುವುದಿಲ್ಲ.

ಧರ್ಮೋಪದೇಶ

ಕಥೋಲಿಕ ಕಾನೂನಿನ ಪ್ರಕಾರ ಮಕ್ಕಳ ವಿಶ್ವಾಸಶಿಕ್ಷಣದ ಮೊದಲ ಹೊಣೆ ತಂದೆತಾಯಿಯರದು. ಜ್ಞಾನಸ್ನಾನದಲ್ಲಿ ನಿಲ್ಲುವ ಜ್ಞಾನಪೋಷಕರೂ ಅದರಲ್ಲಿ ಪಾಲುದಾರರು. ಧರ್ಮಕೇಂದ್ರದ ಮಟ್ಟದಲ್ಲಿ ಧರ್ಮಗುರುಗಳು ಅದನ್ನು ವ್ಯವಸ್ಥೆಗೊಳಿಸಬೇಕು. ಸಾಮಾನ್ಯವಾಗಿ ಭಾನುವಾರದ ಬಲಿಪೂಜೆಯ ಮುನ್ನ ಅಥವಾ ನಂತರ ತರಗತಿಗಳು ನಡೆಯುತ್ತವೆ. ತಿಳಿವಳಿಕೆಯ ವಯಸ್ಸಿಗೆ ಬಂದ ಮಕ್ಕಳಿಗೆ ಪಾಪನಿವೇದನೆ ಮತ್ತು ಮೊದಲ ಪರಮಪ್ರಸಾದಕ್ಕೆ ಸಿದ್ಧತೆ ನೀಡಲಾಗುತ್ತದೆ. ಮುಂದೆ ದೃಢೀಕರಣ ಸಂಸ್ಕಾರಕ್ಕೆ ಇನ್ನೊಂದು ಹಂತದ ಸಿದ್ಧತೆ ಇರುತ್ತದೆ. ವಯಸ್ಕರಾಗಿ ಜ್ಞಾನಸ್ನಾನ ಬಯಸುವವರಿಗೆ ಹಂತಹಂತವಾದ ದೀರ್ಘ ತರಬೇತಿ ವಿಧಿಸಲಾಗಿದೆ.

ಪಾಠದ ವಿಷಯಗಳಿಗೆ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಆಧಾರ. ಮರಿಯಮ್ಮನವರನ್ನು ಅದು ಮುಖ್ಯವಾಗಿ ವಿಶ್ವಾಸದ ಮಾದರಿಯಾಗಿ ನಿರೂಪಿಸುತ್ತದೆ. ದೇವದೂತನ ಮಾತಿಗೆ ಸಮ್ಮತಿಸಿದ ಹಳ್ಳಿಯ ಯುವತಿ, ಗರ್ಭಿಣಿ ಬಂಧುವಿನ ನೆರವಿಗೆ ಬೆಟ್ಟದ ಸೀಮೆಗೆ ನಡೆದುಹೋದವಳು, ಹಸುಳೆಯೊಡನೆ ಈಜಿಪ್ಟಿಗೆ ವಲಸೆ ಹೋದ ತಾಯಿ, ಶಿಲುಬೆಯ ಬಳಿ ನಿಂತವಳು – ಈ ಚಿತ್ರಗಳು ಶುಭಸಂದೇಶಗಳಿಂದಲೇ ಬಂದವು. ವಲಸೆ, ಬಡತನ ಮತ್ತು ಹೆಣ್ಣುಮಕ್ಕಳ ಸ್ಥಿತಿಗತಿಗಳ ಬಗ್ಗೆ ಮಕ್ಕಳೊಡನೆ ಮಾತನಾಡಲು ಉಪದೇಶಿಗಳಿಗೆ ಇವು ಅವಕಾಶ ಮಾಡಿಕೊಡುತ್ತವೆ. ಪವಾಡಗಳ ಮತ್ತು ಹರಕೆಗಳ ಸುತ್ತ ಮಾತ್ರ ಬೆಳೆದ ಭಕ್ತಿಯು ಹರಕೆ ಈಡೇರದಾಗ ಕುಸಿಯುವ ಸಾಧ್ಯತೆಯಿರುವುದರಿಂದ, ಬೈಬಲ್ ಆಧಾರಿತ ಬೋಧನೆಗೆ ಒತ್ತು ನೀಡಲಾಗುತ್ತದೆ.

1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿ ಕೇಂದ್ರವು ಈ ಕ್ಷೇತ್ರದಲ್ಲಿ ಪ್ರಭಾವಶಾಲಿಯಾಯಿತು. ಅದರ ಸ್ಥಾಪಕ ನಿರ್ದೇಶಕರಾದ ಡಿ. ಎಸ್. ಅಮಲೋರ್‌ಪವದಾಸ್ ಅವರು ಆರತಿ, ದೀಪ, ನೆಲದ ಮೇಲೆ ಕುಳಿತು ಪ್ರಾರ್ಥ���ಸುವುದು ಮೊದಲಾದ ಭಾರತೀಯ ರೂಪಗಳನ್ನು ಆರಾಧನೆಯಲ್ಲಿ ಅಳವಡಿಸುವ ಪ್ರಯತ್ನ ನಡೆಸಿದರು. 2021ರ ಮೇ 10ರಂದು ಪೋಪ್ ಫ್ರಾನ್ಸಿಸ್ ಉಪದೇಶಿಗಳ ಸೇವೆಯನ್ನು ಶ್ರೀಸಾಮಾನ್ಯರಿಗೆ ತೆರೆದ ಅಧಿಕೃತ ಧರ್ಮಸೇವೆಯನ್ನಾಗಿ ಸ್ಥಾಪಿಸಿದರು. ಧರ್ಮಗುರುಗಳು ಕಡಿಮೆ ಇರುವ ಗ್ರಾಮೀಣ ಸೀಮೆಗಳಲ್ಲಿ ಬಹುಕಾಲದಿಂದ ಉಪದೇಶಿಗಳು ಮಾಡುತ್ತ ಬಂದಿದ್ದ ಕೆಲಸಕ್ಕೆ ಇದರಿಂದ ಔಪಚಾರಿಕ ಮನ್ನಣೆ ದೊರೆಯಿತು.

ಭಾಷೆ ಮತ್ತು ಸಾಮಾಜಿಕ ಪ್ರಶ್ನೆಗಳು

1963ರ ಡಿಸೆಂಬರ್ 4ರಂದು ಪ್ರಕಟವಾದ ಆರಾಧನಾವಿಧಿಯ ಸಂವಿಧಾನವು ಜನರ ಭಾಷೆಗಳಿಗೆ ಅವಕಾಶ ನೀಡುವವರೆಗೆ ಬಲಿಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಆ ಕಾಲದಲ್ಲಿ ಸಾಮಾನ್ಯ ವಿಶ್ವಾಸಿಗಳು ತಮ್ಮ ನುಡಿಯಲ್ಲಿ ಪೂರ್ಣವಾಗಿ ಪಾಲ್ಗೊಳ್ಳಬಹುದಾಗಿದ್ದ ಪ್ರಾರ್ಥನೆಗಳಲ್ಲಿ ಜಪಸರ, ಮರಿಯಮ್ಮನವರ ಪ್ರಾರ್ಥನಾಮಾಲೆ ಮತ್ತು ಕೀರ್ತನೆಗಳು ಮುಖ್ಯವಾಗಿದ್ದವು. ಬದಲಾವಣೆಯ ನಂತರ ಯಾವ ಭಾಷೆ ಎಂಬ ಪ್ರಶ್ನೆ ಎದ್ದಿತು. ಬೆಂಗಳೂರಿನಲ್ಲಿ ತಮಿಳು, ಇಂಗ್ಲಿಷ್, ಕೊಂಕಣಿ ಮತ್ತು ಮಲಯಾಳಂ ಭಾಷಿಕ ಕಥೋಲಿಕರ ನಡುವೆ ಕನ್ನಡಕ್ಕೆ ಸೂಕ್ತ ಸ್ಥಾನ ದೊರೆಯಬೇಕೆಂದು ಕನ್ನಡ ಕಥೋಲಿಕರು ಹಲವು ದಶಕಗಳಿಂದ ಒತ್ತಾಯಿಸುತ್ತ ಬಂದಿದ್ದಾರೆ. ವಲಸೆ ಬಂದವರಿಗೆ ತಮ್ಮ ಭಾಷೆಯಲ್ಲಿ ಆರಾಧಿಸುವ ಹಕ್ಕು ಮತ್ತು ನಾಡಿನ ಭಾಷೆಗೆ ಆದ್ಯತೆ ಎಂಬ ಎರಡು ನ್ಯಾಯಯುತ ನಿರೀಕ್ಷೆಗಳ ನಡುವಿನ ಸಮತೋಲನವೇ ಇಲ್ಲಿನ ತೊಡಕು.

ಸಾಮಾಜಿಕವಾಗಿ ಮತ್ತೊಂದು ಪ್ರಶ್ನೆ ದಲಿತ ಹಿನ್ನೆಲೆಯ ಕ್ರೈಸ್ತರದು. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನಮಾನವು ಹಿಂದೂಗಳಿಗೆ ಸೀಮಿತವಾಗಿತ್ತು. ನಂತರ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಲಾಯಿತು. ಕ್ರೈಸ್ತರು ಮತ್ತು ಮುಸ್ಲಿಮರು ಅದರ ಹೊರಗಿದ್ದಾರೆ. ಇದರಿಂದಾಗಿ ಜ್ಞಾನಸ್ನಾನದ ದಾಖಲೆಯು ಬಡ ಕುಟುಂಬವೊಂದಕ್ಕೆ ಧಾರ್ಮಿಕ ಗುರುತಿನ ಜೊತೆಗೆ ಮೀಸಲಾತಿ ಮತ್ತು ವಿದ್ಯಾರ್ಥಿವೇತನಗಳ ಮೇಲೆ ಪರಿಣಾಮ ಬೀರುವ ಕಾಗದವೂ ಆಗುತ್ತದೆ. ಧರ್ಮಸಭೆಯ ಸಂಘಟನೆಗಳು ಈ ವ್ಯತ್ಯಾಸವನ್ನು ತೆಗೆದುಹಾಕಬೇಕೆಂದು ಬೇಡಿಕೆ ಇಟ್ಟಿವೆ.

ಇತರ ಕ್ರೈಸ್ತ ಪಂಗಡಗಳ ನಿಲುವು

ಆರ್ಥೊಡಾಕ್ಸ್ ಧರ್ಮಸಭೆಗಳು ಮರಿಯಮ್ಮನವರನ್ನು ದೇವಮಾತೆಯೆಂದು ಗೌರವಿಸುತ್ತವೆಯಾದರೂ ಅಮಲೋದ್ಭವದ ಘೋಷಣೆಯನ್ನು ಒಪ್ಪುವುದಿಲ್ಲ. ಬಹುತೇಕ ಪ್ರೊಟೆಸ್ಟಂಟ್ ಪಂಗಡಗಳು ಮರಿಯಮ್ಮನವರನ್ನು ವಿಶ್ವಾಸದ ಮಾದರಿಯಾಗಿ ಸ್ವೀಕರಿಸಿ, ಅವರಲ್ಲಿ ಬಿನ್ನಹ ಮಾಡುವುದನ್ನು ಮಾತ್ರ ತಿರಸ್ಕರಿಸುತ್ತವೆ. ದೇವರಿಗೂ ಮನುಷ್ಯರಿಗೂ ಕ್ರಿಸ್ತರೊಬ್ಬರೇ ಮಧ್ಯಸ್ಥರೆಂಬ ಬೈಬಲ್ ವಚನ ಅವರ ಆಧಾರ. ಅದೇ ವಚನವನ್ನು ಕಥೋಲಿಕರೂ ಒಪ್ಪುತ್ತಾರೆ. ಒಬ್ಬ ವಿಶ್ವಾಸಿ ಇನ್ನೊಬ್ಬರಿಗಾಗಿ ಪ್ರಾರ್ಥಿಸುವಂತೆಯೇ ಮರಿಯಮ್ಮನವರ ಬಿನ್ನಹವೂ ಕ್ರಿಸ್ತರ ಮೂಲಕವೇ ಸಲ್ಲುತ್ತದೆ ಎಂಬುದು ಕಥೋಲಿಕರ ವಿವರಣೆ.